ಒಂದೇ ಸಾಲು, ಮೂರು ಗುಂಪು: ‘ಓ ವಿರ್ಗೊ ಸ್ಪ್ಲೆಂಡೆನ್ಸ್’ ಹಾಡಿಸಿದ ನನ್ನ ಅನುಭವ

ಬಾರ್ಸಿಲೋನಾ ಬಳಿಯ ಮೊಂಟ್ಸೆರಾಟ್ ಬೆಟ್ಟದ ಬೆನೆಡಿಕ್ಟೀನ್ ಪಂಥದ ಕ್ರೈಸ್ತ ಮಠದಲ್ಲಿರುವ ‘ಲಿಬ್ರೆ ವರ್ಮೆಲ್’ (ಕೆಂಪು ಪುಸ್ತಕ) ಹಸ್ತಪ್ರತಿಯಲ್ಲಿ 10 ಹಾಡುಗಳು ಉಳಿದುಬಂದಿವೆ. 14ನೇ ಶತಮಾನದ ಕೊನೆಯಲ್ಲಿ ಬರೆದಿಟ್ಟ ಈ ಹಾಡುಗಳನ್ನು ರಚಿಸಿದವರು ಯಾರೆಂಬುದಕ್ಕೆ ಅದರಲ್ಲಿ ಯಾವ ಸುಳಿವೂ ಇಲ್ಲ. 1811ರಲ್ಲಿ ನೆಪೋಲಿಯನ್ನನ ಸೈನಿಕರು ಮಠಕ್ಕೆ ಬೆಂಕಿಯಿಟ್ಟಾಗ, ಎರವಲಾಗಿ ಹೊರಗೆ ಹೋಗಿದ್ದ ಕಾರಣಕ್ಕೆ ಈ ಪುಸ್ತಕ ಉಳಿದುಕೊಂಡಿತು. ಬಾರ್ಸಿಲೋನಾದ ನಮ್ಮ ಹವ್ಯಾಸಿ ಗಾಯಕವೃಂದಕ್ಕೆ ಇದರ ಮೊದಲ ಹಾಡಾದ ‘ಓ ವಿರ್ಗೊ ಸ್ಪ್ಲೆಂಡೆನ್ಸ್’ ಅನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಯಾತ್ರಿಕರು ರಾತ್ರಿ ಜಾಗರಣೆಯ ಹೊತ್ತು ಚರ್ಚಿನೊಳಗೆ, ಹಗಲಲ್ಲಿ ಅಂಗಳದಲ್ಲಿ ಹಾಡಿ ಕುಣಿಯಬಯಸುತ್ತಾರೆ, ಅವರ ಬಾಯಲ್ಲಿ ಸಭ್ಯವೂ ಭಕ್ತಿಪೂರ್ಣವೂ ಆದ ಹಾಡುಗಳೇ ಇರಲಿ ಎಂದು ಹಸ್ತಪ್ರತಿ ಹೇಳುತ್ತದೆ. ಹಾಗಾಗಿ ಇವುಗಳಿಗೆ ಡೋಲು, ಕೊಳಲುಗಳ ಅಬ್ಬರ ಸೇರಿಸುವುದು ಈಗ ವಾಡಿಕೆಯಾಗಿದೆ. ಇದೇ ಪುಸ್ತಕದಲ್ಲಿ ವೃತ್ತಾಕಾರವಾಗಿ ಕುಣಿಯಲೆಂದೇ ಇರುವ ‘ಸ್ಟೆಲ್ಲಾ ಸ್ಪ್ಲೆಂಡೆನ್ಸ್’ಗೆ ಅದು ಒಪ್ಪೀತು, ಆದರೆ ‘ಓ ವಿರ್ಗೊ’ಗೆ ಕಂಠವೊಂದೇ ಸಾಕೆಂಬುದು ನನ್ನ ಅಭಿಪ್ರಾಯ.

ಹಾಳೆಯ ಮೇಲಿರುವುದು ಒಂದೇ ಧಾಟಿ, ಚೌಕಾಕಾರದ ಸ್ವರಚಿಹ್ನೆಗಳಲ್ಲಿ; ಇಬ್ಬರು ಅಥವಾ ಮೂವರು ಒಬ್ಬರ ಹಿಂದೊಬ್ಬರು ಹಾಡಬೇಕೆಂಬ ಸೂಚನೆ ಅದರ ಜೊತೆಗಿದೆ. ಮೊದಲ ಗುಂಪು ಒಂದು ಚರಣಭಾಗ ಮುಗಿಸಿ ಮುಂದಿನದಕ್ಕೆ ಹೋಗುವಾಗ ಎರಡನೆಯದು ಆರಂಭದಿಂದ ತೊಡಗುತ್ತದೆ, ಮೂರನೆಯದು ಇನ್ನೊಂದು ಭಾಗದಷ್ಟು ತಡೆದು ಸೇರುತ್ತದೆ. ಎಲ್ಲರಿಗೂ ಇಡೀ ಧಾಟಿ ಬಾಯಿಪಾಠವಾಗುವವರೆಗೆ ನಾನು ಗುಂಪು ಮಾಡಲಿಲ್ಲ. ಗುಂಪು ಮಾಡಿದಾಗಲೂ ಗಂಡಸರನ್ನೆಲ್ಲ ಒಂದೆಡೆ ನಿಲ್ಲಿಸದೆ ಮೂರರಲ್ಲೂ ಹಂಚಿದೆ. ಅವರು ಒಂದು ಸ್ಥಾಯಿ ಕೆಳಗೆ ಹಾಡುವುದರಿಂದ, ಅವರದೇ ಪ್ರತ್ಯೇಕ ಗುಂಪಾದರೆ ಕೆಲವೆಡೆ ಷಡ್ಜದ (ಸ) ಮೇಲಿರಬೇಕಾದ ಪಂಚಮ (ಪ) ಅದರ ಕೆಳಗೆ ಬಿದ್ದು, ಮೇಳದ ಬುಡವೇ ಬದಲಾಗುತ್ತದೆ.

ಶ್ರುತಿಗೆ ಪಿಯಾನೊವನ್ನು ದೂರವಿಟ್ಟೆ. ಅದರ ಪಂಚಮ ಶುದ್ಧ ಪಂಚಮಕ್ಕಿಂತ ಕೂದಲೆಳೆಯಷ್ಟು ತಗ್ಗು. ತಂಬೂರಿಯ ಜೊತೆ ಬೆಳೆದ ಕಿವಿಗೆ ಅದು ತಿಳಿಯುತ್ತದೆ. ಒಬ್ಬರು ಷಡ್ಜ ಹಿಡಿದು ನಿಲ್ಲಬೇಕು, ಉಳಿದವರು 3:2ರ (ಷಡ್ಜ ಎರಡು ಸಲ ಕಂಪಿಸುವಾಗ ಮೂರು ಸಲ ಕಂಪಿಸುವ) ಪಂಚಮವನ್ನು ಅದುರಿಲ್ಲದೆ ಅದರ ಮೇಲೆ ಕೂರಿಸಬೇಕು: ಪ್ರತಿ ಅಭ್ಯಾಸವೂ ಹೀಗೇ ಆರಂಭವಾಗುತ್ತಿತ್ತು. ಕರ್ನಾಟಕ ಸಂಗೀತ ಕಲಿತ ನನಗೆ ಇಲ್ಲಿ ಕಷ್ಟವಾದದ್ದು ಗಮಕವನ್ನು, ಅಂದರೆ ಸ್ವರವನ್ನು ತೂಗಿ ಹಾಡುವುದನ್ನು, ಪೂರ್ತಿ ಬಿಡುವುದು. ಒಂದು ದನಿ ಸ್ವಲ್ಪ ತೂಗಿದರೂ ಮೂರು ಸಾಲುಗಳು ಕೂಡುವ ಜಾಗ ಕಲಸಿಹೋಗುತ್ತದೆ.

ಲ್ಯಾಟಿನ್ ಸ್ವರಾಕ್ಷರಗಳು ಕನ್ನಡಿಗರ ನಾಲಿಗೆಗೆ ಸಲೀಸು. ತೊಡಕಿದ್ದದ್ದು ‘ಸ್ಪ್ಲೆಂಡೆನ್ಸ್’ನ ಕೊನೆಯ ‘ಸ್’ನಲ್ಲಿ: ಮೂರು ಗುಂಪುಗಳೂ ಬೇರೆ ಬೇರೆ ಹೊತ್ತಿಗೆ ಅದನ್ನು ಉಚ್ಚರಿಸುವುದರಿಂದ ಮತ್ತೆ ಮತ್ತೆ ಬುಸುಗುಟ್ಟಿದಂತೆ ಕೇಳುತ್ತಿತ್ತು. ಪ್ರತಿ ಗುಂಪಿನಲ್ಲಿ ಒಬ್ಬರು ಮಾತ್ರ ಅದನ್ನು ಉಚ್ಚರಿಸುವುದು, ಉಳಿದವರು ‘ನ್’ಗೆ ನಿಲ್ಲಿಸುವುದು ಎಂದು ಗೊತ್ತುಮಾಡಿದ ಮೇಲೆ ಸರಿಹೋಯಿತು. ಉಸಿರನ್ನೂ ಅಷ್ಟೇ, ಅಕ್ಕಪಕ್ಕದವರು ಒಟ್ಟಿಗೆ ಎಳೆದುಕೊಳ್ಳದಂತೆ ಸರದಿ ಹಾಕಿಕೊಂಡೆವು.

ಮುಕ್ತಾಯದ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯಿತು. ಗುಂಪುಗಳು ಒಂದೊಂದಾಗಿ ಸುಮ್ಮನಾದರೆ ಕೊನೆ ತೆಳುವಾಗುತ್ತದೆ ಎನಿಸಿ, ಮುಂದೆ ಹೋದವರು ಕೊನೆಯ ಭಾಗವನ್ನೇ ಮತ್ತೆ ಹಾಡುತ್ತ ಹಿಂದಿನವರಿಗಾಗಿ ಕಾಯುವಂತೆ ಮಾಡಿದೆ. ಮೂರನೆಯ ಗುಂಪು ಅಲ್ಲಿಗೆ ಬಂದಾಗ ಎಲ್ಲರೂ ಒಂದೇ ಸಾಲನ್ನು ಒಟ್ಟಿಗೆ ಹಾಡಿ ಮುಗಿಸಿದೆವು.