ಮಲಗುವ ಕೂಸಿಗೆ ಎಷ್ಟು ಬಟ್ಟೆ?

ಬಾಣಂತಿ ನೋಡಲು ಬಂದವರೆಲ್ಲ ಹೇಳುವುದು ಒಂದೇ ಮಾತು: "ಕೂಸಿಗೆ ಚಳಿ ಆಗತ್ತೆ, ಇನ್ನೊಂದು ಹೊದಿಸಮ್ಮ." ಕುಲಾವಿ, ಸ್ವೆಟರ್, ಕಾಲುಚೀಲ, ಮೇಲೊಂದು ಉಣ್ಣೆ ಶಾಲು. ಕೊನೆಗೆ ಮಗುವಿನ ಮೂಗು ಮಾತ್ರ ಕಾಣುತ್ತದೆ! ನನ್ನ ಕೇಳಿದರೆ, ನಮ್ಮ ಕಡೆ ಕೂಸುಗಳಿಗೆ ಚಳಿಗಿಂತ ಸೆಕೆಯ ಕಾಟವೇ ಜಾಸ್ತಿ. ಮೈ ಅತಿಯಾಗಿ ಬಿಸಿಯಾದರೆ ಬೆವರುಸಾಲೆ ಏಳುವುದಷ್ಟೇ ಅಲ್ಲ. ನಿದ್ದೆಯಲ್ಲೇ ಮಗುವಿನ ಜೀವಕ್ಕೆ ಕುತ್ತು ಬರುವ ಅಪಾಯವೂ ಹೆಚ್ಚುತ್ತದೆ.

ಕೈಕಾಲು ಮುಟ್ಟಿ ಚಳಿ ಅಳೆಯಬೇಡಿ. ಹಸುಗೂಸಿನ ಅಂಗೈ, ಅಂಗಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಎದೆಯ ಮೇಲೋ ಕುತ್ತಿಗೆಯ ಹಿಂದೆಯೋ ಎರಡು ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸಾಕು, ಸುಮ್ನೆ ಬಿಟ್ಟುಬಿಡಿ. ಬೆವರಿದ್ದರೆ, ಮುಖ ಕೆಂಪಾಗಿದ್ದರೆ ಒಂದು ಬಟ್ಟೆ ತೆಗೆಯಿರಿ. ಎದೆ, ಹೊಟ್ಟೆಯೂ ತಣ್ಣಗಿದ್ದರೆ ಎದೆಗಪ್ಪಿ ಬೆಚ್ಚಗೆ ಮಾಡಿ, ಇನ್ನೊಂದು ಹಾಕಿ. ಆಮೇಲೂ ತಣ್ಣಗಿದ್ದರೆ, ಇಲ್ಲವೇ ಹಾಲು ಕುಡಿಯದೆ ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅದೇ ಕೋಣೆಯಲ್ಲಿ ನಿಮಗೆ ಎಷ್ಟು ಬಟ್ಟೆ ಹಿತವೋ, ಮಗುವಿಗೆ ಅದಕ್ಕಿಂತ ಒಂದು ಪದರ ಮಾತ್ರ ಹೆಚ್ಚು. ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿ ಆ ಒಂದು ಪದರವೂ ಬೇಡ. ತೆಳು ಮಲ್ಮಲ್ ಜಬಲಾ, ಒಂದು ಲಂಗೋಟಿ, ಮುಗಿಯಿತು. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ತುಂಬುತೋಳಿನ ಹತ್ತಿ ಅಂಗಿ, ಪೈಜಾಮ ಹಾಕಿ. ಮಡಿಕೇರಿಯಾದರೆ ಅದರ ಮೇಲೆ ಇನ್ನೊಂದು. ಒಂದೇ ದಪ್ಪ ಸ್ವೆಟರ್‌ಗಿಂತ ಎರಡು ತೆಳು ಬಟ್ಟೆ ವಾಸಿ, ನಡುರಾತ್ರಿ ಒಂದನ್ನು ಬಿಚ್ಚಬಹುದು ನೋಡಿ.

ಸಡಿಲವಾದ ರಗ್ಗು, ಶಾಲು ಹೊದಿಸಬೇಡಿ. ಒಂದು ವರ್ಷ ತುಂಬುವವರೆಗೆ ದಿಂಬೂ ಬೇಡ, ಸಾಸಿವೆ ದಿಂಬೂ ಬೇಡ. ಹೊದಿಕೆ ಮುಖದ ಮೇಲೆ ಬಂದರೆ ಎಳೆದು ಹಾಕುವ ಶಕ್ತಿ ಕೂಸಿಗೆ ಇರುವುದಿಲ್ಲ. ಅಂಗಿಯಂತೆ ತೊಡಿಸುವ ಮಲಗುಚೀಲ ಈಗ ಸಿಗುತ್ತದೆ. ಅದರ ಕುತ್ತಿಗೆಯೊಳಗೆ ಮಗುವಿನ ತಲೆ ನುಸುಳಬಾರದು, ಅಷ್ಟು ನೋಡಿ ಕೊಂಡುಕೊಳ್ಳಿ. ಅಂಗಾತ ಮಲಗಿಸುವುದನ್ನಂತೂ ಮರೆಯಬೇಡಿ.

ಕುಲಾವಿ ವಿಷಯಕ್ಕೆ ಅತ್ತೆ-ಸೊಸೆ ಜಗಳ ಆಗುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹುಟ್ಟಿದ ಮೊದಲ ದಿನಗಳಲ್ಲಿ ಅದು ಬೇಕು. ತೂಕ ಕಡಿಮೆ ಇರುವ, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಡಾಕ್ಟರು ಹೇಳುವಷ್ಟು ದಿನವೂ ಬೇಕು. ಆಮೇಲೆ ಮನೆಯೊಳಗೆ ಮಲಗಿಸುವಾಗ ತೆಗೆದುಬಿಡಿ. ಮಗುವಿನ ಹೆಚ್ಚಿನ ಮೈಕಾವು ತಲೆಯಿಂದಲೂ ಹೊರಹೋಗುತ್ತದೆ, ಕುಲಾವಿ ಅದನ್ನು ತಡೆಯುತ್ತದೆ. ಜೊತೆಗೆ, ಜಾರಿದ ಕುಲಾವಿ ಮೂಗಿನ ಮೇಲೇ ಬಂದು ಕೂರುತ್ತದೆ.

ಬಟ್ಟೆ ಸುತ್ತಿ ಮಲಗಿಸುವವರು ಕಾಲು ನೆಟ್ಟಗೆ ಎಳೆದು ಬಿಗಿಯಬೇಡಿ, ಸೊಂಟದ ಕೀಲಿಗೆ ಕೆಟ್ಟದ್ದು. ಕಪ್ಪೆಕಾಲಿನಂತೆ ಮಡಿಸಿ ಅಗಲಿಸಲು ಜಾಗವಿರಲಿ. ಮಗ್ಗುಲಾಗಲು ಶುರುಮಾಡಿದ ದಿನವೇ ಸುತ್ತುವುದನ್ನು ನಿಲ್ಲಿಸಿ.

ಇನ್ನೊಂದು, ಬಹಳ ಜನ ಯೋಚಿಸದ ವಿಷಯ. ಅಣ್ಣನಿಗೋ ಅಕ್ಕನಿಗೋ ಹಾಕಿದ್ದ ಹಳೇ ಬಟ್ಟೆ ಟ್ರಂಕಿನಿಂದ ತೆಗೆಯುತ್ತೇವೆ. ಮೆತ್ತಗಿರುತ್ತದೆ, ಒಳ್ಳೆಯದೇ. ಆದರೆ ನುಸಿಗುಳಿಗೆ ಹಾಕಿಟ್ಟಿದ್ದರೆ ಕೂಸಿಗೆ ತೊಡಿಸಬೇಡಿ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ ಆ ಗುಳಿಗೆಯ ನಾಫ್ತಲೀನ್ ರಕ್ತಕಣಗಳನ್ನೇ ಒಡೆಯುತ್ತದೆ, ಕಾಮಾಲೆ ಏರುತ್ತದೆ. ನಿಮ್ಮ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಮಕ್ಕಳ ಬಟ್ಟೆ ಎತ್ತಿಡುವಾಗ ಒಣಗಿದ ಬೇವಿನೆಲೆ ಹಾಕಿ, ತೆಗೆದಾಗ ಚೆನ್ನಾಗಿ ಕೊಡವಿ ಒಗೆಯಿರಿ. ಬಟ್ಟೆಗೆ ಸಾಂಬ್ರಾಣಿ ಹೊಗೆ ಹಿಡಿಯುವುದೂ ಬೇಡ, ಎಳೆ ಶ್ವಾಸಕೋಶಕ್ಕೆ ಅದು ಒಗ್ಗುವುದಿಲ್ಲ.

ಕಾಲುಚೀಲ, ಕೈಗವಸು ಹಾಕುವ ಮುಂಚೆ ಒಳಮಗ್ಗುಲು ತಿರುಗಿಸಿ ನೋಡಿ. ಬಾಣಂತಿಯ ಕೂದಲು ಉದುರುವ ಕಾಲ ಅದು. ಒಂದೇ ಎಳೆ ಕೂದಲು ಸಾಕು, ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯುತ್ತದೆ. ಹಾಲು ಕೊಟ್ಟರೂ ಎತ್ತಿಕೊಂಡರೂ ಅಳು ನಿಲ್ಲದಿದ್ದರೆ ಮೊದಲು ಬೆರಳುಗಳನ್ನು ನೋಡಿ.

ಜಬಲಾಕ್ಕೆ ಸೇಫ್ಟಿ ಪಿನ್ ಚುಚ್ಚಬೇಡಿ, ಚಿಕ್ಕ ಲಾಡಿ ಸಾಕು. ಕತ್ತಿನ ಕರಿಮಣಿ ಸರ, ತಾಯತ ಬೇಕೇ ಬೇಕು ಅಂತ ಹಿರಿಯರು ಹಟ ಹಿಡಿದರೆ, ಹಗಲು ಎತ್ತಿಕೊಂಡಿರುವಾಗ ಹಾಕಿ. ಮಲಗಿಸುವ ಮುಂಚೆ ಬಿಚ್ಚಿ, ಕೂಸಿನ ಕೈಗೆ ಎಟುಕದ ಕಡೆ ಇಡಿ.