ಡ್ಯೂಟಿ ಚಾರ್ಟ್ ಮತ್ತು ಮಕ್ಕಳ ಓದು

ನಾನು ಕೆಎಸ್‌ಆರ್‌ಟಿಸಿ ಕಂಡಕ್ಟರ್. ಊರು ಅರಸೀಕೆರೆ. ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ಮಗಳು 2025ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದಳು, ಮಗ ಈಗ ಐದನೇ ಕ್ಲಾಸು. ಇಬ್ಬರೂ ಓದಿದ್ದು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. "ಗಂಡ ಹೆಂಡತಿ ಇಬ್ಬರೂ ಹೊರಗೇ ಇರ್ತೀರಿ, ಮಕ್ಕಳನ್ನ ಓದಿಸೋದು ಯಾವಾಗ?" ಅಂತ ನೆಂಟರು ಮದುವೆ ಮನೆಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನಾವು ಓದಿಸುವುದಿಲ್ಲ. ನಾವು ಮನೆಯಲ್ಲಿ ಇಲ್ಲದಿದ್ದರೂ ಓದು ನಿಲ್ಲದ ಹಾಗೆ ನೋಡಿಕೊಳ್ಳುತ್ತೇವೆ, ಅಷ್ಟೇ.

ನನ್ನ ಡ್ಯೂಟಿಗೆ ಹೊತ್ತುಗೊತ್ತು ಇಲ್ಲ. ಬೆಂಗಳೂರು ಟ್ರಿಪ್ ಇದ್ದರೆ ಬೆಳಗಿನ ಜಾವ ನಾಲ್ಕಕ್ಕೇ ಮನೆ ಬಿಡಬೇಕು. ತಿಪಟೂರು, ಗುಬ್ಬಿ, ತುಮಕೂರು ದಾಟಿ ಮೆಜೆಸ್ಟಿಕ್ ಮುಟ್ಟಿ ವಾಪಸ್ ಬರುವ ಹೊತ್ತಿಗೆ ಸಂಜೆ. ನೈಟ್ ಹಾಲ್ಟ್ ಬಿದ್ದರೆ ಬಸ್ಸಿನ ಜೊತೆ ನಾವೂ ಹಳ್ಳಿಯಲ್ಲೇ ಮಲಗಿ ಬೆಳಿಗ್ಗೆ ಮೊದಲ ಟ್ರಿಪ್ ಹೊರಡಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಯಾವಾಗಲೂ ತುಂಬಿರುತ್ತದೆ. ಹೆಂಗಸರು ದುಡ್ಡು ಕೊಡದಿದ್ದರೂ ಶೂನ್ಯ ಟಿಕೆಟ್ ಹರಿದು ಕೊಡಲೇಬೇಕು. ಮುಂದಿನ ಸ್ಟೇಜ್ ಬರುವಷ್ಟರಲ್ಲಿ ಎಲ್ಲರಿಗೂ ಕೊಟ್ಟು ಮುಗಿಸಬೇಕು. ಮನೆಗೆ ಬರುವಾಗ ಗಂಟಲು ಕಟ್ಟಿರುತ್ತದೆ. ಆಮೇಲೆ ಕೂತು ಪಾಠ ಹೇಳಿಕೊಡು ಅಂದರೆ ಆಗದ ಮಾತು.

ಹೆಂಡತಿಯದು ಒಂಬತ್ತೂವರೆಯಿಂದ ನಾಲ್ಕು. ಕಾಗದದ ಮೇಲೆ ಮಾತ್ರ. ಸರ್ವೆ, ಮೀಟಿಂಗ್, ರಿಜಿಸ್ಟರ್ ಎಲ್ಲ ಸೇರಿದರೆ ಮನೆಗೂ ಕೆಲಸ ಬರುತ್ತದೆ. ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಅಂಗನವಾಡಿ ಮಕ್ಕಳ ತೂಕ, ಎತ್ತರ ತುಂಬಿಸುತ್ತ ರಾತ್ರಿ ನೆಟ್‌ವರ್ಕ್‌ಗಾಗಿ ಮೆಟ್ಟಿಲ ಮೇಲೆ ಕೂತಿರುತ್ತಾಳೆ.

ಹಾಗಾಗಿ ನಾವು ಮೊದಲು ಹಿಡಿದಿದ್ದು ಕ್ಯಾಲೆಂಡರ್ ಅನ್ನು. ಅಡುಗೆಮನೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಅಮಾವಾಸ್ಯೆ, ಏಕಾದಶಿ ನೋಡುವುದಕ್ಕೆ ನಮ್ಮಮ್ಮನಿಗೆ ಅದು ಬೇಕೇ ಬೇಕು. ಡಿಪೋದಲ್ಲಿ ಡ್ಯೂಟಿ ಗೊತ್ತಾದ ಕೂಡಲೇ ಅದರಲ್ಲಿ ನೀಲಿ ಪೆನ್ನಲ್ಲಿ ಬರೆಯುತ್ತೇನೆ. ಹೆಂಡತಿಯ ಮೀಟಿಂಗ್ ಕಪ್ಪು. ಮಕ್ಕಳ ಎಫ್‌ಎ (ವರ್ಷದ ನಡುವೆ ಆಗಾಗ ನಡೆಯುವ ಕಿರುಪರೀಕ್ಷೆ, ಚಟುವಟಿಕೆ), ಎಸ್‌ಎ (ಅವಧಿಯ ಕೊನೆಯ ಪರೀಕ್ಷೆ), ಪ್ರಾಜೆಕ್ಟ್ ಕೊಡಬೇಕಾದ ದಿನ ಎಲ್ಲ ಕೆಂಪು. ಕೆಂಪನ್ನು ಮಕ್ಕಳೇ ಬರೆಯಬೇಕು. "ನಾಳೆ ಚಾರ್ಟ್ ಪೇಪರ್ ಬೇಕು" ಎಂದು ರಾತ್ರಿ ಒಂಬತ್ತಕ್ಕೆ ಕೇಳುವ ಅಭ್ಯಾಸ ಇದರಿಂದ ಅರ್ಧ ತಪ್ಪಿತು. ಇನ್ನರ್ಧ ತಪ್ಪಿಲ್ಲ, ಯಾವ ಮನೆಯಲ್ಲೂ ತಪ್ಪುವುದಿಲ್ಲ ಅಂದುಕೊಂಡಿದ್ದೇನೆ.

ಓದಿನ ಹೊತ್ತು ನಮ್ಮ ಡ್ಯೂಟಿಯ ಮೇಲೆ ನಿಂತರೆ ಕೆಟ್ಟಿತು. ಅದು ನಮ್ಮಮ್ಮನ ದೀಪದ ಮೇಲೆ ನಿಂತಿದೆ. ಮುಸ್ಸಂಜೆ ದೇವರಿಗೆ ದೀಪ ಹಚ್ಚುವುದನ್ನು ಅವರು ಒಂದು ದಿನವೂ ಬಿಟ್ಟವರಲ್ಲ. ದೀಪ ಹಚ್ಚಿದ ಮೇಲೆ ಟಿವಿ ಇಲ್ಲ, ಹುಡುಗರು ಪುಸ್ತಕ ಹಿಡಿಯಬೇಕು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮಗ್ಗಿ ಒಪ್ಪಿಸಿಕೊಳ್ಳುವುದಕ್ಕೆ ಅಷ್ಟು ಸಾಕು. ಮಗ ಕನ್ನಡ ಪಾಠವನ್ನು ಅವರಿಗೆ ಜೋರಾಗಿ ಓದಿ ಹೇಳುತ್ತಾನೆ. ಸೀರಿಯಲ್ ಶುರುವಾಗುವವರೆಗೆ ಅಮ್ಮನಿಗೂ ಅದೇ ಹೊತ್ತು ಕಳೆಯುವ ದಾರಿ. "ಆಮೇಲೆ ಏನಾಯ್ತಂತೆ?" ಎಂದು ಅವರು ಕೇಳಿದರೆ ಅವನು ಹೇಳಲೇಬೇಕು. ಗೊತ್ತಿಲ್ಲದಿದ್ದರೆ ಮತ್ತೆ ಓದಬೇಕು. ಪಾಠದ ಕೊನೆಯ ಪ್ರಶ್ನೆಗಳಿಗಿಂತ ಈ ಒಂದು ಪ್ರಶ್ನೆ ಜಾಸ್ತಿ ಕೆಲಸ ಮಾಡಿದೆ.

ಮಗನಿಗೆ ತೊಡಕು ಬಂದಿದ್ದು ನಾಲ್ಕನೇ ಕ್ಲಾಸಿನಲ್ಲಿ. ಮೂರರವರೆಗೆ ನಲಿ-ಕಲಿ. ಕಾರ್ಡು, ಹಾಡು, ಗುಂಪಿನಲ್ಲಿ ಕೂತು ಕಲಿಯುವುದು. ಒಂದೊಂದು ಮೆಟ್ಟಿಲು ಅವರವರ ವೇಗದಲ್ಲಿ ಹತ್ತಬಹುದು. ಖುಷಿಯಾಗಿ ಹೋಗುತ್ತಿದ್ದ. ನಾಲ್ಕಕ್ಕೆ ಬಂದರೆ ಪಠ್ಯಪುಸ್ತಕ, ಬೋರ್ಡ್ ನೋಡಿ ಬರೆಯುವುದು, ಪ್ರಶ್ನೋತ್ತರ. ಬಹಳ ಮನೆಗಳಲ್ಲಿ ಇದೇ ವರ್ಷ "ಮಗು ಹಿಂದೆ ಬಿತ್ತು" ಎಂದು ಗಾಬರಿಯಾಗಿ ಶಾಲೆ ಬದಲಾಯಿಸುತ್ತಾರೆ.

ಪೋಷಕರ ಸಭೆಯ ದಿನ ನನಗೆ ರಜೆ ಸಿಗುವುದು ಅಪರೂಪ. ಅದಕ್ಕೆ ನನ್ನ ವಾರದ ರಜೆ ದಿನ ಇಂಟರ್‌ವಲ್ ಹೊತ್ತಿಗೆ ಶಾಲೆಗೆ ಹೋಗುತ್ತೇನೆ. "ಹೇಗೆ ಓದ್ತಾನೆ ಮೇಡಂ?" ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ "ಪರವಾಗಿಲ್ಲ, ಇನ್ನೂ ಓದಬೇಕು" ಎನ್ನುವುದು ಬಿಟ್ಟು ಅವರಾದರೂ ಏನು ಹೇಳುತ್ತಾರೆ? "ಯಾವುದು ಬರ್ತಾ ಇಲ್ಲ, ಒಂದೇ ಒಂದು ಹೇಳಿ ಮೇಡಂ" ಎನ್ನುತ್ತೇನೆ. ಆ ಸಲ ಮೇಡಂ ಅವನ ನೋಟ್ಸ್ ತೆಗೆದು ತೋರಿಸಿದರು. "ಓದ್ತಾನೆ ಸರ್. ಒತ್ತಕ್ಷರ ಬಂದ ಕಡೆ ಬಿಟ್ಟುಬಿಡ್ತಾನೆ ನೋಡಿ. ಬರವಣಿಗೆ ನಿಧಾನ. ಬೋರ್ಡ್ ಅಳಿಸೋದ್ರೊಳಗೆ ಮುಗಿಯಲ್ಲ." ಅಷ್ಟು ಗೊತ್ತಾದರೆ ಸಾಕು, ಅಲ್ವಾ?

ಉಕ್ತಲೇಖನ ಶುರು ಮಾಡಿದೆವು, ಫೋನಿನಲ್ಲಿ. ಸಂಜೆ ಯಾವ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೋ ಅಲ್ಲಿಂದ ಫೋನ್ ಮಾಡಿ ಎದುರಿಗೆ ಕಾಣುವ ಬಸ್ಸಿನ ಬೋರ್ಡುಗಳನ್ನು ಓದಿ ಹೇಳುತ್ತಿದ್ದೆ. ಚನ್ನರಾಯಪಟ್ಟಣ. ಚಿಕ್ಕನಾಯಕನಹಳ್ಳಿ. ಗುಬ್ಬಿ. ಹೊಸದುರ್ಗ. ಬೆಳ್ಳೂರು ಕ್ರಾಸ್. ಒತ್ತಕ್ಷರಕ್ಕೆ ನಮ್ಮ ಊರುಗಳ ಹೆಸರಿಗಿಂತ ಒಳ್ಳೆ ಪುಸ್ತಕ ಬೇಕಾ? ಒಂದು ಸಲಕ್ಕೆ ಐದು ಹೆಸರು, ಜಾಸ್ತಿ ಇಲ್ಲ. ಬರೆದಿದ್ದನ್ನು ಅಕ್ಕ ತಿದ್ದಬೇಕು. ತಪ್ಪಾದದ್ದು ಮಾರನೇ ದಿನ ಮತ್ತೆ ಬರುತ್ತದೆ. ಚಿತ್ರದುರ್ಗದಲ್ಲಿ ಎರಡು ಕಡೆ ತಪ್ಪಲು ಅವಕಾಶ ಇರುವುದರಿಂದ ಅದು ಬಹಳ ದಿನ ಪಟ್ಟಿ ಬಿಟ್ಟು ಹೋಗಲಿಲ್ಲ. ಕೊನೆಗೆ ಅವನೇ "ಅಪ್ಪಾ, ಇವತ್ತು ಶ್ರವಣಬೆಳಗೊಳ ಕೊಡು, ಅದರಲ್ಲಿ ಒಂದೇ ಒತ್ತು ಇರೋದು" ಎಂದು ಚೌಕಾಸಿ ಮಾಡುವಷ್ಟಾದ.

ಲೆಕ್ಕದಲ್ಲಿ ಮಾತ್ರ ನನ್ನದೇ ಕೈವಾಡ. ನೂರರಲ್ಲಿ 37 ಕಳೆ ಅಂದರೆ ಶಾಲೆಯಲ್ಲಿ ಬಿಡಿ ಸ್ಥಾನಕ್ಕೆ ದಶಕದಿಂದ ತಗೋ, ದಶಕದಲ್ಲಿ ಇಲ್ಲ, ನೂರರಿಂದ ತಗೋ ಎಂದು ಕಲಿಸುತ್ತಾರೆ. ಮಗ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದ. ಓಡುವ ಬಸ್ಸಿನಲ್ಲಿ ಯಾವ ಕಂಡಕ್ಟರೂ ಹಾಗೆ ಕಳೆಯುವುದಿಲ್ಲ. ನಾವು ಕೂಡಿಸುತ್ತ ಹೋಗುತ್ತೇವೆ. 37ಕ್ಕೆ ಮೂರು ಹಾಕಿದರೆ ನಲವತ್ತು. ಹತ್ತು ಹಾಕಿದರೆ ಐವತ್ತು. ಇನ್ನೊಂದು ಐವತ್ತು ಹಾಕಿದರೆ ನೂರು. ಕೈಗೆ ಹೋದ ಚಿಲ್ಲರೆ 63. ಇಬ್ಬರು, ತಲಾ 68, ಕೊಟ್ಟಿದ್ದು ಐನೂರರ ನೋಟು? 136. ನಾಲ್ಕು ಹಾಕು, 140. ಅರವತ್ತು ಹಾಕು, ಇನ್ನೂರು. ಮುನ್ನೂರು ಹಾಕು. ಕೊಡಬೇಕಾದ್ದು 364.

ಇದನ್ನು ಆಟ ಮಾಡಿದೆವು. ಊಟಕ್ಕೆ ಕೂತಾಗ ಅವನು ಕಂಡಕ್ಟರ್, ಮನೆಯವರೆಲ್ಲ ಪ್ಯಾಸೆಂಜರ್. ಐದನೇ ಕ್ಲಾಸಿಗೆ ಭಿನ್ನರಾಶಿ ಬಂದಾಗಲೂ ಇದೇ ಆಟ ಕೈ ಹಿಡಿಯಿತು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್. ಹಿರಿಯ ನಾಗರಿಕರಿಗೆ ಶೇ. 25 ರಿಯಾಯಿತಿ, ಅಂದರೆ ಕಾಲು ಭಾಗ ಬಿಟ್ಟು ಮುಕ್ಕಾಲು ಕೊಡಬೇಕು. "ಟಿಕೆಟ್ 80. ಒಬ್ಬ ತಾತ, ಒಬ್ಬ ಮೊಮ್ಮಗ. ಒಟ್ಟು ಎಷ್ಟು?" ತಾತನಿಗೆ 60, ಮೊಮ್ಮಗನಿಗೆ 40. ನೂರು. ಪುಸ್ತಕದಲ್ಲಿ ಮುಕ್ಕಾಲನ್ನು ಹೇಗೆ ಬರೆಯಬೇಕು ಎಂದು ಆಮೇಲೆ ಕಲಿತ. ಅದು ಎಷ್ಟು ಎಂದು ಮೊದಲೇ ಗೊತ್ತಿತ್ತು. ಮೇಡಂ ಒಂದು ಮಾತು ಹೇಳಿದರು, ಸರಿಯಾದ ಮಾತೇ. "ಪರೀಕ್ಷೆಯಲ್ಲಿ ಹಂತ ಬರೀಬೇಕು ಸರ್, ಉತ್ತರ ಮಾತ್ರ ಬರೆದರೆ ಆಗಲ್ಲ." ಈಗ ಪುಸ್ತಕದ ರೀತಿಯಲ್ಲಿ ಮಾಡುತ್ತಾನೆ, ನಮ್ಮ ರೀತಿಯಲ್ಲಿ ತಾಳೆ ನೋಡುತ್ತಾನೆ.

ಮಗಳ ಹತ್ತನೇ ಕ್ಲಾಸು ಬೇರೆಯೇ ಕಥೆ. ನಾನು ಪಿಯುಸಿ ಆರ್ಟ್ಸ್. ಅವಳ ಗಣಿತ, ವಿಜ್ಞಾನ ನನ್ನಿಂದ ಆಗುವಂಥದ್ದಲ್ಲ. ಮಾತಾಡಲು ಗಂಟಲಿಲ್ಲ, ಕಲಿಸಲು ವಿದ್ಯೆಯಿಲ್ಲ. ಉಳಿದಿದ್ದು ಕೇಳುವುದು. ನಾನು ಊಟ ಮಾಡುವಾಗ ಅವಳು ಆ ದಿನದ ಒಂದು ವಿಷಯ ನನಗೆ ಹೇಳಬೇಕು, ಪುಸ್ತಕ ಮುಚ್ಚಿಟ್ಟು. ಮನೆಯ ಫ್ಯೂಸ್ ಯಾಕೆ ಹೋಗುತ್ತದೆ, ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತದೆ. ನನಗೆ ಅರ್ಥವಾಗದ ಕಡೆ "ಯಾಕೆ?" ಎನ್ನುತ್ತಿದ್ದೆ. ನಾಟಕ ಏನಲ್ಲ, ನಿಜವಾಗಲೂ ಅರ್ಥವಾಗುತ್ತಿರಲಿಲ್ಲ. ಅವಳು ತಡವರಿಸಿದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಮರುದಿನ ಮೇಷ್ಟ್ರನ್ನು ಕೇಳಿ ಬರುತ್ತಿದ್ದಳು. ಅಪ್ಪನಿಗೆ ಏನೂ ಗೊತ್ತಿಲ್ಲ ಎನ್ನುವುದು ಇಲ್ಲಿ ಅನುಕೂಲವೇ ಆಯಿತು.

ಅಂಕದ ಲೆಕ್ಕ ಮಾತ್ರ ನಾನೇ ಕೂತು ನೋಡಿದೆ. ಆ ವರ್ಷ ಒಟ್ಟು 625ರಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು. ಇದರಲ್ಲಿ ಆಂತರಿಕ ಅಂಕ ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20. ಕೂಡಿಸಿದರೆ ಒಟ್ಟು 125 ಅಂಕ ಶಾಲೆಯಲ್ಲೇ, ಎಫ್‌ಎ ಚಟುವಟಿಕೆಗಳಲ್ಲೇ ನಿರ್ಧಾರವಾಗುತ್ತಿದ್ದವು. ಎಷ್ಟೋ ಅಪ್ಪ ಅಮ್ಮಂದಿರು ಜನವರಿ ಬಂದ ಮೇಲೆ ಎಚ್ಚರವಾಗುತ್ತಾರೆ. ಅಷ್ಟು ಹೊತ್ತಿಗೆ ಐದನೇ ಒಂದು ಭಾಗ ಹೆಚ್ಚು ಕಡಿಮೆ ಮುಗಿದೇ ಹೋಗಿರುತ್ತದೆ. ನಾವು ಜೂನ್‌ನಿಂದಲೇ ಕೆಂಪು ಪೆನ್ನಿನ ದಿನಗಳನ್ನು ಬಿಡಲಿಲ್ಲ. ಆದರೆ ಪ್ರಾಜೆಕ್ಟನ್ನು ಅವಳ ಪರವಾಗಿ ನಾವು ಮಾಡಲಿಲ್ಲ. ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಥರ್ಮೋಕೋಲ್‌ಗೆ ಅಂಟಿಸಿ ಕೊಡುವುದರಿಂದ ಮಗು ಕಲಿಯುವುದು ಅಂಟಿಸುವುದನ್ನೂ ಅಲ್ಲ, ಅದನ್ನೂ ಅಮ್ಮನೇ ಮಾಡಿರುತ್ತಾಳೆ.

ಪಠ್ಯಪುಸ್ತಕಗಳು ಸರ್ಕಾರದ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ನನ್ನ ಮೊಬೈಲಿಗೂ ಹಾಕಿಕೊಂಡಿದ್ದೆ, ನೈಟ್ ಹಾಲ್ಟ್ ದಿನ ಅವಳು ಫೋನಿನಲ್ಲಿ ಒಪ್ಪಿಸುವಾಗ ಪುಟ ತೆರೆದುಕೊಳ್ಳಲು. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಿಂದ ಮಾದರಿ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಅರ್ಥವಾಗದ ಪಾಠಕ್ಕೆ ಯೂಟ್ಯೂಬಿನಲ್ಲಿ ಸಂವೇದ ಪಾಠಗಳಿವೆ. ಕೋವಿಡ್ ಕಾಲದಲ್ಲಿ ಚಂದನದಲ್ಲಿ ಬರುತ್ತಿದ್ದವಲ್ಲ, ಅವೇ.

ಟ್ಯೂಷನ್ ಮಗನಿಗೆ ಬೇಡವೆಂದೆವು. ಶಾಲೆ ಬಿಟ್ಟ ಮೇಲೆ ಅವನು ಆಡಲಿ. ಮಗಳಿಗೆ ಗಣಿತಕ್ಕೆ ಮಾತ್ರ, ಅವಳೇ ಕೇಳಿದ ಮೇಲೆ ಹಾಕಿದೆವು. ಬೆಳಗಿನ ಜಾವ ಎಬ್ಬಿಸಿ ಓದಿಸುವುದು ನಮ್ಮ ಬೀದಿಯಲ್ಲೆಲ್ಲ ಇದೆ. ನಾನು ನಾಲ್ಕಕ್ಕೆ ಹೊರಡುವಾಗ ಎಷ್ಟೋ ಮನೆಗಳಲ್ಲಿ ಲೈಟ್ ಉರಿಯುತ್ತಿರುತ್ತದೆ. ನಮ್ಮ ಮಗಳು ರಾತ್ರಿ ಓದುವವಳು. ತೂಕಡಿಸುತ್ತ ಪುಸ್ತಕ ಹಿಡಿಯುವುದಕ್ಕಿಂತ ಮಲಗಿರಲಿ ಎಂದು ಬಿಟ್ಟೆವು.

ಇಷ್ಟಕ್ಕೂ ಮನೆ ನಡೆಯಬೇಕಲ್ಲ. ನನ್ನ ವಾರದ ರಜೆ ದಿನ ಅಡುಗೆ ನನ್ನದು, ಯೂನಿಫಾರಂ ಒಗೆಯುವುದು, ಇಸ್ತ್ರಿ ನನ್ನದು. ಶಾಲೆಯಲ್ಲಿ ಬಿಸಿಯೂಟ ಹತ್ತನೇ ಕ್ಲಾಸಿನವರೆಗೂ ಇರುವುದರಿಂದ ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟುವ ಗಡಿಬಿಡಿ ಇಲ್ಲ. ಆ ಉಳಿತಾಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಜಾಸ್ತಿ. ಬೆಳಿಗ್ಗೆ ಒಂದು ಅಡುಗೆ ಕಡಿಮೆಯಾದರೆ ಹೆಂಡತಿಗೆ ಮಗನ ಪಕ್ಕ ಕೂತು ಕಾಫಿ ಕುಡಿಯುವಷ್ಟು ಹೊತ್ತು ಸಿಗುತ್ತದೆ. ಅವನ ಶಾಲೆಯ ಸುದ್ದಿಯೆಲ್ಲ ಹೊರಬರುವುದು ಆಗಲೇ.

2025ರ ಮಾರ್ಚ್ 21ಕ್ಕೆ ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1 ಶುರುವಾಯಿತು. ಮೊದಲೇ ಜೊತೆಯವರ ಹತ್ತಿರ ಡ್ಯೂಟಿ ಅದಲು ಬದಲು ಮಾಡಿಕೊಂಡು ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ನೈಟ್ ಹಾಲ್ಟ್ ಬೀಳದ ಹಾಗೆ ನೋಡಿಕೊಂಡಿದ್ದೆ. ಬದಲಿಗೆ ಯುಗಾದಿ ದಿನ ನಾನು ಡ್ಯೂಟಿ ಮಾಡಿದೆ. "ಇದು ಕೆಟ್ಟರೂ ಪರೀಕ್ಷೆ-2, 3 ಇವೆ, ಯಾವುದರಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಟುಕೋಬಹುದು" ಎಂದು ಅವಳಿಗೆ ಹೇಳಿದ್ದೆವು. ಅವಳಿಗಿಂತ ಜಾಸ್ತಿ ಧೈರ್ಯ ಬಂದಿದ್ದು ಅವಳಮ್ಮನಿಗೆ. 541 ಬಂತು.

ಈಗ ಪಿಯುಸಿ ಸೈನ್ಸ್, ತಿಪಟೂರಿಗೆ ಓಡಾಡುತ್ತಾಳೆ. ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಕೇಳಿಸಿಕೊಳ್ಳುವುದು ನನಗೆ ಪೂರಾ ಕೈ ಮೀರಿದೆ. ನಮ್ಮ ಡಿಪೋದಲ್ಲಿ ಡಿಪ್ಲೊಮಾ ಓದಿದ ಮೆಕ್ಯಾನಿಕ್ ಒಬ್ಬರಿದ್ದಾರೆ. ಭಾನುವಾರ ಅವರ ಮನೆಗೆ ಹೋಗಿ ಕೇಳಿಕೊಂಡು ಬರುತ್ತಾಳೆ. ಅವರ ಮಗ ನಾಲ್ಕನೇ ಕ್ಲಾಸು. ಅವನಿಗೆ ಒತ್ತಕ್ಷರ ಹೇಳಿಕೊಡುವುದು ನಮ್ಮ ಮಗನ ಪಾಲಿಗೆ ಬಂದಿದೆ.