5,28,264ರ ಒಳಗೇನಿದೆ? ದೊಡ್ಡ ಸಂಖ್ಯೆಯನ್ನು ಕೈಲೆಕ್ಕದಲ್ಲಿ ಬಿಡಿಸುವ ಕ್ರಮ

ಅವಿಭಾಜ್ಯ ಅಪವರ್ತನಗಳು ಕೈಗೆ ಸಿಕ್ಕವೆಂದರೆ ಸಂಖ್ಯೆಯ ಎಷ್ಟೋ ಗುಣಗಳು ಒಂದೆರಡು ಸಾಲಿನ ಲೆಕ್ಕದಲ್ಲಿ ಬಂದುಬಿಡುತ್ತವೆ. ಮೊದಲ ಕೆಲಸ ಅದೇ. 5,28,264 ಅನ್ನು ತೆಗೆದುಕೊಳ್ಳೋಣ.

ಕೊನೆಯ ಮೂರು ಅಂಕಿ 264. ಇದು 8 × 33. ಸಾವಿರ 8ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಇಷ್ಟು ನೋಡಿದರೆ ಸಾಕು. ಭಾಗಿಸಿದರೆ 66,033. ಬೆಸ ಬಂತು, 2ರ ಕೆಲಸ ಮುಗಿಯಿತು. ಅಂಕಿಗಳ ಮೊತ್ತ 18, ಆದ್ದರಿಂದ 9ರಿಂದ ಭಾಗಿಸಿ: 7,337. (3ರಿಂದ ಒಮ್ಮೆ ಭಾಗಿಸಿ ಮುಂದೆ ಹೋಗುವವರೇ ಹೆಚ್ಚು; ಮೊತ್ತವನ್ನು ಮತ್ತೆ ನೋಡಬೇಕು.) ಈಗ ಅಂಕಿಗಳನ್ನು ಒಂದಾದ ಮೇಲೊಂದರಂತೆ ಕೂಡಿಸಿ ಕಳೆಯಿರಿ: 7−3+3−7 = 0, ಅಂದರೆ 11 ಹೋಗುತ್ತದೆ. ಉಳಿದದ್ದು 667.

ಎಡವುವುದು ಇಲ್ಲೇ. 667 ನೋಡಲು ಅವಿಭಾಜ್ಯದಂತಿದೆ. 7ರಿಂದ ಶೇಷ 2, 11ರಿಂದ 7, 13ರಿಂದ 4, 17ರಿಂದ 4, 19ರಿಂದ 2. ಬೇಸತ್ತು ಬಿಡಬೇಡಿ. 26ರ ವರ್ಗ 676 ಆದ್ದರಿಂದ 25ರೊಳಗಿನ ಅವಿಭಾಜ್ಯಗಳನ್ನೆಲ್ಲ ನೋಡಲೇಬೇಕು, ಇನ್ನೂ 23 ಬಾಕಿಯಿದೆ. 23 × 29 = 667. ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದ ಒಳದಾರಿಯಲ್ಲಿ ಇದು ಒಂದೇ ಹೆಜ್ಜೆ: 676 − 667 = 9, ಅದೂ ವರ್ಗವೇ. ಹಾಗಾಗಿ 26² − 3² = (26−3)(26+3). ಎರಡು ಅಪವರ್ತನಗಳು ಹತ್ತಿರವಿದ್ದಾಗ ಇದು ಬಲು ಬೇಗ. ದೂರವಿದ್ದರೆ ಬರೀ ಕಾಲಹರಣ.

ಒಟ್ಟಿನಲ್ಲಿ 5,28,264 = 2³ × 3² × 11 × 23 × 29.

ಭಾಜಕಗಳೆಷ್ಟು? ಪ್ರತಿ ಘಾತಕ್ಕೆ 1 ಕೂಡಿಸಿ ಗುಣಿಸಿ: 4 × 3 × 2 × 2 × 2 = 96. ಘಾತಕ್ಕೆ 1 ಕೂಡಿಸುವುದು ಏಕೆಂದರೆ ಆ ಅವಿಭಾಜ್ಯವನ್ನು ಒಮ್ಮೆಯೂ ತೆಗೆದುಕೊಳ್ಳದಿರುವುದೂ ಒಂದು ಆಯ್ಕೆ. ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯದ ಘಾತಗಳನ್ನು 1ರಿಂದ ಕೂಡಿಸಿ (1+2+4+8 = 15, 1+3+9 = 13, 1+11 = 12, ಹೀಗೆ) ಗುಣಿಸಿ: 15 × 13 × 12 × 24 × 30 = 16,84,800. ಸಂಖ್ಯೆಯನ್ನೇ ಕಳೆದರೂ 11,56,536 ಉಳಿಯುತ್ತದೆ, ಮೂಲದ ಎರಡು ಪಟ್ಟಿಗಿಂತ ಹೆಚ್ಚು. ಇದಕ್ಕಿಂತ ಚಿಕ್ಕದಾಗಿದ್ದು ಇದರೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು 4 × 6 × 10 × 22 × 28 = 1,47,840 (8−4 = 4, 9−3 = 6, 11−1 = 10, ಹೀಗೆ). ಪೂರ್ಣ ವರ್ಗ ಮಾಡಲು ಬೆಸ ಘಾತದವನ್ನೆಲ್ಲ ಒಂದೊಂದು ಸಲ ಸೇರಿಸಿ: 2 × 11 × 23 × 29 = 14,674ರಿಂದ ಗುಣಿಸಬೇಕು.

ಇನ್ನೊಂದು ಎಚ್ಚರ. 4ರಿಂದಲೂ 6ರಿಂದಲೂ ಭಾಗವಾಗುವುದೆಲ್ಲ 24ರಿಂದ ಭಾಗವಾಗುವುದಿಲ್ಲ; 36 ನೋಡಿ. 12 ಮಾತ್ರ ಖಾತ್ರಿ.

ತಾಳೆ ನೋಡಲು 792 (ಅಂದರೆ 8 × 9 × 11) × 667 ಗುಣಿಸಿ. ಅಂಕಿಗಳ ಮೊತ್ತವೊಂದನ್ನೇ ನಂಬಬೇಡಿ: 5,82,264 ಎಂದು ಅದಲುಬದಲಾಗಿ ಬರೆದರೂ ಮೊತ್ತ ಅದೇ 27. ಆದರೆ 11ರ ಪರೀಕ್ಷೆ ಈ ತಪ್ಪನ್ನು ಹಿಡಿಯುತ್ತದೆ: 4−6+2−2+8−5 = 1.

ಎಕ್ಸೆಲ್‌ನಲ್ಲಿ ಮಾಡುವುದಾದರೆ 15 ಅಂಕಿಯವರೆಗೆ ಸರಿ. ಅದರಾಚೆಯ ಅಂಕಿಗಳನ್ನು ಅದು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತದೆ, ಆಗ ನೀವು ಬಿಡಿಸುವುದು ಬೇರೆಯೇ ಸಂಖ್ಯೆಯನ್ನು.